ಅದು ಮಸಾಲೆ ಮಣೆಯಲ್ಲ, ಚೆನ್ನೆಮಣೆ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಮರದ ಸಾಮಾನುಗಳ ಬಗ್ಗೆ ಒಂದು ಪುಟ ಬಂದಿತ್ತು. ಕಡಗೋಲು, ಮರಿಗೆ, ಶ್ಯಾವಿಗೆ ಒರಳು ಎಲ್ಲ ಚೆನ್ನಾಗಿತ್ತು. ಕೊನೆಯ ಫೋಟೋ ನೋಡಿ ಮಾತ್ರ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟೆ. ಯಾವುದೋ ಹೋಮ್‌ಸ್ಟೇ ಗೋಡೆಗೆ ತೂಗುಹಾಕಿದ 14 ಗುಳಿಯ ಮಣೆ. ಅದರ ಕೆಳಗೆ ‘ಹಿಂದಿನವರ ಮಸಾಲೆ ಮಣೆ’ ಅಂತ ಬರೆದಿದ್ದಿರಿ.

ಸ್ವಾಮೀ, ಅದು ಚೆನ್ನೆಮಣೆ. ಮೈಸೂರು ಕಡೆ ಅಳಗುಳಿಮಣೆ ಅನ್ನುತ್ತಾರೆ. ಅದರಲ್ಲಿ ಜೀರಿಗೆ, ಮೆಂತ್ಯ ಇಡುವುದಿಲ್ಲ, ಕಾಯಿ ಹಾಕಿ ಆಡುತ್ತಾರೆ. ನಾನು ಬೆಳ್ತಂಗಡಿ ಕಡೆಯ ಒಬ್ಬ ಆಚಾರಿ. ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಬಾಗಿಲು, ಕಿಟಕಿ, ಮಂಚ ಮಾಡಿ ಹೊಟ್ಟೆ ಹೊರೆದಿದ್ದೇನೆ. ನಡುವೆ ಯಾರಾದರೂ ಕೇಳಿದರೆ ಚೆನ್ನೆಮಣೆಯನ್ನೂ ಮಾಡಿಕೊಡುತ್ತೇನೆ.

ನಿಮ್ಮ ಫೋಟೋದಲ್ಲೇ ಸಾಕ್ಷಿ ಇದೆ, ಇನ್ನೊಮ್ಮೆ ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಎಲ್ಲ ಗುಳಿಗಳ ಹೊರ ಅಂಚು ಸವೆದು ನುಣ್ಣಗಾಗಿದೆ. ಒಳ ಅಂಚು ಇನ್ನೂ ಹಾಗೇ ಇದೆ. ಯಾಕೆ ಗೊತ್ತಾ? ಇಬ್ಬರು ಎದುರುಬದುರು ಕೂರುತ್ತಾರೆ. ಅವರವರ ಕಡೆಯ ಸಾಲು ಅವರವರದ್ದು. ಗುಳಿಯ ಕಾಯಿಗಳನ್ನು ಬೆರಳಲ್ಲಿ ಬಾಚಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೆ ಬಾಚಿದರೆ ಹಲಸಿನ ಮರವೂ ಸವೆಯುತ್ತದೆ. ಮಸಾಲೆ ಚಮಚದಿಂದ ಅಂಥ ಸವೆತ ಬರುವುದಿಲ್ಲ.

ಮಣೆ ಮಾಡುವ ಕ್ರಮವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಹಲಸಿನ ಹಲಗೆಯನ್ನು ಒಂದು ಮಳೆಗಾಲ ದಾಟುವವರೆಗೆ ನೆರಳಲ್ಲಿ ಒಣಗಿಸಬೇಕು. ಹಸಿಯಲ್ಲಿ ಕೆತ್ತಿದರೆ ಆಮೇಲೆ ಸೀಳುತ್ತದೆ. ಪಾಲೆ, ಅಂದರೆ ಹಾಲೆ ಮರದಲ್ಲೂ ಮಾಡಬಹುದು. ಹಗುರ, ಉಳಿಗೆ ಮೆತ್ತಗೆ. ಆದರೆ ಬೇಗ ಹುಳ ಹಿಡಿಯುತ್ತದೆ. ಉದ್ದ 2 ಅಡಿ, ಅಗಲ 8 ಇಂಚು, ದಪ್ಪ 2 ಇಂಚು ಇದ್ದರೆ ಸಾಕು. ಕೈವಾರದಲ್ಲಿ ಗುಳಿಯ ಬಾಯಿ ಗುರುತು ಮಾಡಿ, ಬಾಯಿ ಬಾಗಿದ ಉಳಿಯಲ್ಲಿ ಅಂಚಿನಿಂದ ನಡುವಿಗೆ ಇಳಿಯುತ್ತಾ ಬರಬೇಕು. ಕೊನೆಗೆ ಗಾಜಿನ ಚೂರಲ್ಲಿ ಕೆರೆದು ತೆಂಗಿನೆಣ್ಣೆ ಹಚ್ಚಬೇಕು.

ಅಳತೆಗಿಂತ ಕಷ್ಟದ್ದು ಗುಳಿಯ ತಳ. ನೀರು ಕುಡಿಯಲು ಬೊಗಸೆ ಒಡ್ಡುತ್ತೀರಲ್ಲ, ತಳ ಹಾಗೆ ಇರಬೇಕು, ಎಲ್ಲೂ ಮೂಲೆ ಸಿಗಬಾರದು. ನಾನು ಮಾಡಿದ ಮೊದಲ ಮಣೆಯ ಪ್ರತಿ ಗುಳಿಗೂ ಅಪ್ಪ ನಾಲ್ಕು ನಾಲ್ಕು ಮಂಜೊಟ್ಟಿ ಕಾಯಿ, ಅಂದರೆ ಆಟಕ್ಕೆ ಬಳಸುವ ಕೆಂಪು ಬೀಜ, ಹಾಕಿದರು. ಒಂದೇ ಸಲ ಬಾಚಿದರು. ಮೂರು ಕೈಗೆ ಬಂತು, ಒಂದು ಅಲ್ಲೇ ಉಳಿಯಿತು. ‘ಇದು ಯಾಕೋ ಬರಲ್ಲ ಅಂತಿದೆ ಮಗಾ, ಹೋಗಿ ಕೇಳು’ ಅಂದರು. ಮತ್ತೆ ಉಳಿ ಹಿಡಿದೆ. 14 ಗುಳಿಗೆ 56 ಕಾಯಿ. ಅಷ್ಟೂ ತಡೆಯಿಲ್ಲದೆ ಕೈಗೆ ಬರುವಾಗ ಸಂಜೆಯಾಗಿತ್ತು.

ನಮ್ಮ ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊರಗೆ ಧೋ ಅಂತ ಮಳೆ, ಗದ್ದೆ ಕೆಲಸ ಮುಗಿದಿರುತ್ತದೆ, ಮದುವೆಯಾದ ಮಗಳು ತವರಿಗೆ ಬಂದಿರುತ್ತಾಳೆ. ಚಾವಡಿಯಲ್ಲಿ ಮಣೆ ಇಳಿಯುತ್ತಿತ್ತು. ಆಟಿ ಮುಗಿದರೆ ಮತ್ತೆ ಅಟ್ಟಕ್ಕೆ. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು ಅನ್ನುತ್ತಿದ್ದರು. ಸಿರಿ ಎಂಬವಳ ಕಥೆ ಹೇಳುವ ತುಳು ಹಾಡು ಸಿರಿ ಪಾಡ್ದನ ಕೇಳಿದವರಿಗೆ ಕಾರಣ ಗೊತ್ತು. ಸಿರಿಯ ಮೊಮ್ಮಕ್ಕಳಾದ ಅವಳಿಗಳು ಅಬ್ಬಗ, ದಾರಗ ಚೆನ್ನೆ ಆಡುತ್ತಾ ಜಗಳವಾಡುತ್ತಾರೆ. ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆಯುತ್ತಾಳೆ, ಅವಳು ಸಾಯುತ್ತಾಳೆ. ಹೊಡೆದವಳು ಬಾವಿಗೆ ಹಾರುತ್ತಾಳೆ. ನಾನೂ ತಂಗಿಯೂ ಕದ್ದು ಆಡುತ್ತಿದ್ದೆವು, ಅದು ಬೇರೆ ವಿಷಯ.

ಆ ತಂಗಿಯ ಮಗ ಈಗ ಮಲೇಷ್ಯಾದಲ್ಲಿದ್ದಾನೆ. ಹೋದ ವರ್ಷ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿ, ‘ಮಾವ, ನಮ್ಮ ಚೆನ್ನೆಮಣೆ ಇಲ್ಲೂ ಇದೆ’ ಅಂದ. ಅಲ್ಲಿ ಅದರ ಹೆಸರು ಚೊಂಗ್ಕಾಕ್. ಮಣೆ ದೋಣಿಯ ಹಾಗೆ ಎರಡೂ ತುದಿ ಮೇಲೆದ್ದಿದೆ. ಸಾಲಿಗೆ ಏಳೇ ಗುಳಿ, ಆದರೆ ಎರಡು ತುದಿಯಲ್ಲಿ ಒಂದೊಂದು ದೊಡ್ಡ ಗುಳಿ ಜಾಸ್ತಿ. ಗೆದ್ದ ಕಾಯಿ ಅದಕ್ಕೆ ಹೋಗುತ್ತದೆ. ಅದನ್ನು ರುಮಾ ಅನ್ನುತ್ತಾರಂತೆ, ಅಂದರೆ ಮನೆ. ಕಾಯಿ ಗುಳಿಗೆ ಏಳರಂತೆ 98. ಜಾವಾದಲ್ಲಿ ಇದೇ ಡಾಕೊನ್, ಫಿಲಿಪ್ಪೀನ್ಸಿನಲ್ಲಿ ಸುಂಗ್ಕಾ. ನಾನು ಫೋಟೋ ದೊಡ್ಡದು ಮಾಡಿ ಮೊದಲು ನೋಡಿದ್ದು ಗುಳಿಯ ತಳವನ್ನೇ. ಬೊಗಸೆಯಂತೆಯೇ ಇತ್ತು. ಆ ಕಡೆಯ ಬಡಗಿಗೂ ಒಬ್ಬ ಅಪ್ಪ ಇದ್ದಿರಬೇಕು ಅನಿಸಿತು.

ಇನ್ನು ನನ್ನ ದೂರು. ಹೋದ ಆಟಿಯಲ್ಲಿ ನಮ್ಮ ಕಡೆಯ ಒಂದು ಸಂಘದವರು ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ ಅನ್ನುವ ಕಾರ್ಯಕ್ರಮ ಮಾಡಿದರು. ಮಕ್ಕಳಿಗೆ ಚೆನ್ನೆ ಸ್ಪರ್ಧೆ ಇಟ್ಟಿದ್ದರು. ‘ಆಚಾರ್ರೇ, ಹತ್ತು ಮಣೆಗೆ ಎಷ್ಟಾಗುತ್ತದೆ?’ ಅಂತ ಮೊದಲು ನನ್ನನ್ನೇ ಕೇಳಿದ್ದರು. ರೇಟು ಹೇಳಿದೆ. ಆಮೇಲೆ ಸುದ್ದಿಯೇ ಇಲ್ಲ. ಆನ್‌ಲೈನಿನಲ್ಲಿ ಯಂತ್ರದಲ್ಲಿ ಕೊರೆದ ಮಣೆ ತರಿಸಿದ್ದರು. ಗುಳಿಗಳು ಬಳೆ ಡಬ್ಬದ ಹಾಗೆ, ನೆಟ್ಟಗಿನ ಗೋಡೆ, ಚಪ್ಪಟೆ ತಳ. ಕಾಯಿ ಹೋಗಿ ಮೂಲೆ ಹಿಡಿದು ಕೂರುತ್ತಿತ್ತು. ಒಬ್ಬಳು ಪುಟ್ಟ ಹುಡುಗಿ ಉಗುರಲ್ಲಿ ಕೆದಕಿ ಕೆದಕಿ ಸಾಕಾಗಿ ಕೊನೆಗೆ ಮಣೆಯನ್ನೇ ಬೋರಲು ಹಾಕಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸ ತಪ್ಪಿತು ಅಂತ ಹೊಟ್ಟೆಕಿಚ್ಚಾ ಅಂತ ಕೇಳಬಹುದು. ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಯಂತ್ರದ ವಿರೋಧಿಯಲ್ಲ. ಕೀಸುವುದು, ಕೊಯ್ಯುವುದು ನನ್ನಲ್ಲೂ ಕರೆಂಟಿನಲ್ಲೇ. ಯಂತ್ರಕ್ಕೆ ತುದಿ ಗುಂಡಗಿರುವ ಬಿಟ್ ಹಾಕಿದರೆ ಅದೂ ಬೊಗಸೆ ತಳವನ್ನೇ ಕೊರೆಯುತ್ತದೆ. ತರಿಸುವವರು ಅಷ್ಟು ಕೇಳಿ ತರಿಸಬೇಕು, ಅಷ್ಟೇ. ಸಂಜೆ ಐದಕ್ಕೆ ಬಹುಮಾನ ಕೊಟ್ಟು ಆ ಹತ್ತೂ ಮಣೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದರ ಬದಲು ಆಟಿ ಮುಗಿಯುವವರೆಗೆ ಮಕ್ಕಳ ಮನೆಗೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು? ಆಟ ಹೇಳಿಕೊಡಲು ಮನೆಯಲ್ಲಿ ಅಜ್ಜಿಯಂದಿರು ಇನ್ನೂ ಇದ್ದಾರೆ ಅಲ್ವಾ?

ಒಂದು ವಿಷಯ ಬಾಕಿ ಇದೆ. ಆ ಫೋಟೋದ ಮಣೆಯಲ್ಲಿ ಬಲ ತುದಿಯಿಂದ ಎರಡನೇ ಗುಳಿಯವರೆಗೆ ಸೀಳು ಬಿಟ್ಟಿದೆ. ಹೋಮ್‌ಸ್ಟೇಯವರು ಇದನ್ನು ಓದಿದರೆ, ದಯವಿಟ್ಟು ಅದಕ್ಕೆ ಮೊಳೆ ಹೊಡೆಯಬೇಡಿ, ಸೀಳು ಜಾಸ್ತಿಯಾಗುತ್ತದೆ. ಮಣೆಯನ್ನು ಗೋಡೆಯಿಂದ ಇಳಿಸಿ ಎಣ್ಣೆ ಕುಡಿಸಿ. ಹಿಂಬದಿಗೆ ಹಲಸಿನದೇ ಒಂದು ಪಟ್ಟಿ ಕೂರಿಸಿದರೆ ನಿಲ್ಲುತ್ತದೆ. ನನ್ನ ಹತ್ತಿರ ತಂದರೆ ಮಾಡಿಕೊಡುತ್ತೇನೆ. ದುಡ್ಡು ಬೇಡ, ಕೊಡುವ ಮೊದಲು ಒಂದು ಆಟ ಆಡಲು ಬಿಟ್ಟರೆ ಸಾಕು.

– ಒಬ್ಬ ಆಚಾರಿ, ಬೆಳ್ತಂಗಡಿ ತಾಲ್ಲೂಕು