ವಿಜ್ಞಾನದ ಪಿರಿಯಡ್ಡಿನಲ್ಲೂ ಓದು-ಬರಹ ಕಲಿಸಬೇಕು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ನಮ್ಮ ಜಿಲ್ಲೆ ಎಷ್ಟನೆಯ ಸ್ಥಾನಕ್ಕೆ ಬಂತು, ಗಣಿತ-ವಿಜ್ಞಾನಗಳಲ್ಲಿ ಎಷ್ಟು ಮಕ್ಕಳು ಅನುತ್ತೀರ್ಣರಾದರು ಎಂಬ ಚರ್ಚೆ ಪತ್ರಿಕೆಗಳಲ್ಲೂ ಇಲಾಖೆಯ ಸಭೆಗಳಲ್ಲೂ ನಡೆಯುತ್ತದೆ. ಹೆಚ್ಚುವರಿ ತರಗತಿ, ಗುಂಪು ಅಧ್ಯಯನ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್ ಎಂಬ ಪರಿಹಾರಗಳೂ ಅದರ ಬೆನ್ನಿಗೇ ಬರುತ್ತವೆ. ಹೊಸನಗರ ತಾಲ್ಲೂಕಿನಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದ ನನಗೆ, ಈ ಚರ್ಚೆಯಲ್ಲಿ ಬುಡದ ಸಂಗತಿಯೊಂದು ಬಿಟ್ಟುಹೋಗುತ್ತಿದೆ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ. ವಿಜ್ಞಾನದಲ್ಲಿ ಹಿಂದುಳಿದವರೆಂದು ನಾವು ಪಟ್ಟಿ ಮಾಡುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ವಿಜ್ಞಾನದ ಪುಟವನ್ನು ಓದುವುದು ಹೇಗೆ, ತಿಳಿದದ್ದನ್ನು ನಾಲ್ಕು ವಾಕ್ಯವಾಗಿ ಬರೆಯುವುದು ಹೇಗೆ ಎಂದು ಯಾರೂ ಕಲಿಸಿರುವುದಿಲ್ಲ. ಅದನ್ನು ಕಲಿಸುವ ಹೊಣೆ ಕನ್ನಡ ಶಿಕ್ಷಕರೊಬ್ಬರದೇ ಆಗಿ ಉಳಿಯಬಾರದು, ಆಯಾ ವಿಷಯದ ಶಿಕ್ಷಕರದೂ ಆಗಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಅಡಿಕೆ ತೋಟದ ಮನೆಗಳ ಮಕ್ಕಳನ್ನೇ ನೋಡೋಣ. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಅವರು ಹಿರಿಯರ ಪಕ್ಕದಲ್ಲೇ ಇರುತ್ತಾರೆ. ಶೇಕಡ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿಕೊಂಡು ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹದ ನೋಡಲು ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇಷ್ಟನ್ನೂ ಎಂಟನೆಯ ತರಗತಿಯ ಹುಡುಗ ತಡವರಿಸದೆ ಹೇಳುತ್ತಾನೆ. ಅಲಗಿಗೆ ಹಿಡಿಯುವ ಆ ಕೆಂಪು ತಾಮ್ರದ್ದು. ಕಬ್ಬಿಣವು ತಾಮ್ರದ ಸಲ್ಫೇಟಿನಿಂದ ತಾಮ್ರವನ್ನು ಹೊರತಳ್ಳುವ ಇದೇ ಕ್ರಿಯೆಯನ್ನು ಹತ್ತನೆಯ ತರಗತಿಯ ಪಾಠ ಕಬ್ಬಿಣದ ಮೊಳೆಯ ಪ್ರಯೋಗದ ಮೂಲಕ ವಿವರಿಸುತ್ತದೆ. ಆದರೆ ಅದೇ ಹುಡುಗ ಹತ್ತನೆಯ ತರಗತಿಗೆ ಬಂದಾಗ ‘ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಇರಿಸಿದಾಗ ದ್ರಾವಣದ ಬಣ್ಣ ಬದಲಾಗುತ್ತದೆ, ಕಾರಣ ಕೊಡಿ’ ಎಂಬ ಪ್ರಶ್ನೆಯ ಕೆಳಗೆ ಏನೂ ಬರೆಯದೆ ಕೂರುತ್ತಾನೆ. ಮನೆಯಲ್ಲಿ ಆಡುವ ಮಾತಿಗೂ ಪುಸ್ತಕದ ವಾಕ್ಯಕ್ಕೂ ನಡುವೆ ಇರುವ ದೂರವನ್ನು ದಾಟಿಸುವವರು ಅವನಿಗೆ ಸಿಕ್ಕಿಲ್ಲ.

ಇದನ್ನು ದಾಟಿಸಲು ಬೇಕಾಗುವುದು ಪಿರಿಯಡ್ಡಿನ ಹತ್ತು ನಿಮಿಷ. ಪಾಠದ ಒಂದು ಪ್ಯಾರಾವನ್ನು ಮಕ್ಕಳಿಂದಲೇ ಓದಿಸಿ, ಕಾರಣ ಯಾವುದು, ಪರಿಣಾಮ ಯಾವುದು ಎಂಬುದರ ಅಡಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಸಬೇಕು. ಚಿತ್ರ ಮತ್ತು ಕೋಷ್ಟಕಗಳನ್ನು ದಾಟಿಹೋಗದೆ, ಅವು ಯಾವ ವಾಕ್ಯಕ್ಕೆ ಸೇರಿದವೆಂದು ಕೇಳಬೇಕು. ಆಮೇಲೆ ಬೋರ್ಡೋ ತಯಾರಿಕೆಯನ್ನು ಮೊದಲು ತಮ್ಮ ಮನೆಮಾತಿನಲ್ಲಿ, ಬಳಿಕ ಪುಸ್ತಕದ ಪದಗಳನ್ನು ಸೇರಿಸಿ, ‘ಏಕೆಂದರೆ’, ‘ಆದ್ದರಿಂದ’ ಎಂಬ ಮಾತುಗಳು ಬರುವಂತೆ ಬರೆಸಬೇಕು. ಇದು ವಿಜ್ಞಾನದ ಅವಧಿಯಲ್ಲಿ ಕನ್ನಡ ಪಾಠ ಮಾಡಿದಂತಲ್ಲವೇ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಖಂಡಿತ ಅಲ್ಲ. ಮಗು ಬರೆದ ಕಾಗುಣಿತವನ್ನು ಕನ್ನಡ ಶಿಕ್ಷಕರು ತಿದ್ದಬಲ್ಲರು. ಆದರೆ ಅದು ಬರೆದ ‘ಆದ್ದರಿಂದ’ದ ಹಿಂದಿನ ಕಾರಣ ಸರಿಯೇ ಎಂದು ಹೇಳಬೇಕಾದವರು ವಿಜ್ಞಾನ ಶಿಕ್ಷಕರೇ.

ಗಣಿತದಲ್ಲಿ ಈ ಕೊರತೆ ಇನ್ನೂ ನೇರವಾಗಿ ಕಾಣುತ್ತದೆ. ‘ಐದನ್ನು ಒಂದು ಸಂಖ್ಯೆಯ ಮೂರರಷ್ಟರಿಂದ ಕಳೆದಾಗ ಹತ್ತು ಉಳಿಯುತ್ತದೆ’ ಎಂಬ ಲೆಕ್ಕ ಕೊಟ್ಟರೆ, ಐದು ಮೊದಲು ಬಂತೆಂಬ ಕಾರಣಕ್ಕೆ ಐದರಿಂದಲೇ ಮೂರರಷ್ಟನ್ನು ಕಳೆಯುವ ಮಕ್ಕಳು ಬಹಳ. ಯಾವುದನ್ನು ಯಾವುದರಿಂದ ಕಳೆಯಬೇಕೆಂದು ಹೇಳುವುದು ‘ಅನ್ನು’ ಮತ್ತು ‘ಇಂದ’ ಎಂಬ ಎರಡು ಪ್ರತ್ಯಯಗಳು. ವಿಭಕ್ತಿ ಪ್ರತ್ಯಯಗಳ ಪಟ್ಟಿಯನ್ನು ಕನ್ನಡದ ಅವಧಿಯಲ್ಲಿ ಬಾಯಿಪಾಠ ಒಪ್ಪಿಸುವ ಮಗು, ಮರು ಅವಧಿಯ ಲೆಕ್ಕದಲ್ಲಿ ಅವೇ ಪ್ರತ್ಯಯಗಳ ಮೇಲೆ ಕಣ್ಣು ಹಾಯಿಸದೆ ಅಂಕಿಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ಇಂಥ ಮಗುವಿಗೆ ಇನ್ನೂ ಹತ್ತು ಲೆಕ್ಕ ಮಾಡಿಸುವ ಬದಲು, ಒಂದೇ ಲೆಕ್ಕವನ್ನು ಓದಿಸಿ, ‘ಇದರಲ್ಲಿ ಏನು ಕೇಳಿದ್ದಾರೆ, ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳುವುದೇ ಹೆಚ್ಚು ಉಪಯುಕ್ತ.

ಸಮಾಜ ವಿಜ್ಞಾನಕ್ಕೆ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಸಾಮಗ್ರಿಯಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕಿಳಿದದ್ದನ್ನು ಐದು ಅಂಶಗಳ ಉತ್ತರವಾಗಿ ಉರು ಹೊಡೆಸುವುದಕ್ಕಿಂತ, ಊರಿನ ಹಿರಿಯರು ಗೇಣಿಯ ಕಾಲದ ಬಗ್ಗೆ ಹೇಳುವುದನ್ನು ಬರೆದು ತರಿಸಿ, ಪುಸ್ತಕದ ವಿವರದೊಂದಿಗೆ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಬರೆಸಬಹುದು. ಓದು ಇಲ್ಲಿ ಅಂಕಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ಭಯ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು (ಉಣ್ಣೆ) ಕಚ್ಚದಂತೆ ಏನು ಮಾಡಬೇಕು, ಜ್ವರ ಬಂದರೆ ಏನು ಮಾಡಬೇಕು ಎಂಬ ಕರಪತ್ರ ಮನೆಗೆ ಬಂದಾಗ ಅದನ್ನು ಅಜ್ಜ-ಅಜ್ಜಿಗೆ ಓದಿ ಹೇಳಬೇಕಾದವರು ಹಲವು ಮನೆಗಳಲ್ಲಿ ಈ ಮಕ್ಕಳೇ.

ಈ ಸ್ಥಿತಿಗೆ ಶಿಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಕೆಳಗಿನ ತರಗತಿಗಳದು. 2021ರಲ್ಲಿ ಆರಂಭವಾದ ನಿಪುಣ ಭಾರತ ಯೋಜನೆಯ ಗುರಿಯೂ ಮೂರನೆಯ ತರಗತಿಯ ಒಳಗೆ ಓದು-ಬರಹ, ಲೆಕ್ಕ ಬರಬೇಕೆಂಬುದು. ಅದು ಅತ್ಯಗತ್ಯವೇ. ಆದರೆ ಪುಸ್ತಕದ ವಾಕ್ಯಗಳು ನಿಜವಾಗಿ ಉದ್ದವಾಗುವುದು, ಪಾರಿಭಾಷಿಕ ಪದಗಳು ದಟ್ಟವಾಗುವುದು ಅದರಾಚೆಗೆ. ಅಲ್ಲಿ ಓದು ಕಲಿಸುವವರು ಯಾರೂ ಇರುವುದಿಲ್ಲ. 1975ರಷ್ಟು ಹಿಂದೆಯೇ ಇಂಗ್ಲೆಂಡಿನ ಬುಲಕ್ ಸಮಿತಿ, ಮಕ್ಕಳ ಭಾಷೆ ಮತ್ತು ಓದಿನ ಬೆಳವಣಿಗೆಯಲ್ಲಿ ಪ್ರತಿಯೊಬ್ಬ ಶಿಕ್ಷಕರಿಗೂ ಪಾಲಿರಬೇಕೆಂದು ಹೇಳಿತ್ತು. ನಮ್ಮಲ್ಲೂ ಶಿಕ್ಷಕರ ಶಿಕ್ಷಣ ಕುರಿತ 2014ರ ರಾಷ್ಟ್ರೀಯ ನಿಯಮಗಳ ನಂತರ ಬಂದ ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದಲ್ಲಿ ಇದೇ ವಿಚಾರ ಓದಬೇಕಾದ ಒಂದು ವಿಷಯವಾಗಿ ಸೇರಿದೆ. ಅದನ್ನು ಓದಿ ಬಂದ ಯುವ ಶಿಕ್ಷಕರಿಗೆ ಶಾಲೆಯಲ್ಲಿ ಅದಕ್ಕೆ ಆಸ್ಪದವೇ ಸಿಗುವುದಿಲ್ಲ. ಮಲೆನಾಡಿನಲ್ಲಂತೂ ಮಳೆ ರಜೆಗಳು ಕಳೆದು ಬಾಗಿಲು ತೆರೆದ ಮೇಲೆ ಪೋರ್ಷನ್ ಮುಗಿಸುವ ಧಾವಂತ ಶುರುವಾಗುತ್ತದೆ. ಆ ಧಾವಂತದಲ್ಲಿ ಮೊದಲು ಕೈಬಿಡುವುದು ಓದಿಸುವುದನ್ನು, ಉಳಿಯುವುದು ಬೋರ್ಡಿನ ಮೇಲೆ ಬರೆದ ಉತ್ತರವನ್ನು ನಕಲು ಮಾಡಿಸುವುದು. ತಪಾಸಣೆಗೆ ಬರುವವರೂ ನೋಟ್ಸ್ ಪೂರ್ಣವಾಗಿದೆಯೇ, ಕೆಂಪು ಶಾಯಿಯ ಸಹಿ ಇದೆಯೇ ಎಂದು ನೋಡುತ್ತಾರೆಯೇ ಹೊರತು, ಮಗು ತಾನೇ ರಚಿಸಿದ ಒಂದು ವಾಕ್ಯ ಅದರಲ್ಲಿ ಇದೆಯೇ ಎಂದು ಕೇಳುವುದು ಅಪರೂಪ. ನಲವತ್ತು ಮಕ್ಕಳ ಪುಸ್ತಕದಲ್ಲಿ ಒಂದೇ ಉತ್ತರ ಅಕ್ಷರ ಬದಲಾಗದೆ ಇರುವುದನ್ನು ನಾವು ಶಿಸ್ತು ಎಂದುಕೊಂಡಿರುವುದು ನನಗೆ ತುಂಬ ನೋವಿನ ವಿಷಯ.

ಬೋರ್ಡ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡಲಾಗುತ್ತದೆ. ಆ ಹದಿನೈದು ನಿಮಿಷದಲ್ಲಿ ಏನು ಮಾಡಬೇಕೆಂದು ಮಕ್ಕಳಿಗೆ ಹೇಳಿಕೊಡುವ ಶಾಲೆಗಳು ಎಷ್ಟಿವೆ?

ಆದಕಾರಣ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿಯೂ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನ ಪ್ರಾಚಾರ್ಯರಲ್ಲಿಯೂ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟು. ವಿಷಯವಾರು ತರಬೇತಿಗಳಲ್ಲಿ ಒಂದು ದಿನವನ್ನಾದರೂ ಕನ್ನಡ ಶಿಕ್ಷಕರು ಮತ್ತು ಉಳಿದ ವಿಷಯಗಳ ಶಿಕ್ಷಕರು ಒಟ್ಟಿಗೆ ಕುಳಿತು, ಒಂದೇ ಪಾಠದ ಪುಟವನ್ನು ಹೇಗೆ ಓದಿಸಬೇಕೆಂದು ಯೋಜಿಸಲು ಮೀಸಲಿಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ಪ್ರತಿ ವಿಷಯದಲ್ಲಿರುವ 20 ಆಂತರಿಕ ಅಂಕಗಳಲ್ಲಿ ಒಂದು ಭಾಗವು ಮಗು ಸ್ವಂತ ಮಾತಿನಲ್ಲಿ ಬರೆದ ವಿವರಣೆಗೆ ಸಿಗಬೇಕು. ತಪ್ಪಿದ್ದರೂ ಅದು ಮಗುವಿನದೇ ಬರಹವಾಗಿರಬೇಕು, ತಿದ್ದಿ ಮತ್ತೊಮ್ಮೆ ಬರೆಯಲು ಅವಕಾಶವೂ ಇರಬೇಕು. ಒಬ್ಬರೇ ಶಿಕ್ಷಕರು ಎಲ್ಲ ವಿಷಯ ಬೋಧಿಸುವ, ಹತ್ತಾರು ಮಕ್ಕಳಷ್ಟೇ ಇರುವ ನಮ್ಮ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಕನ್ನಡದ ಅವಧಿಗೂ ಪರಿಸರ ಅಧ್ಯಯನದ ಅವಧಿಗೂ ನಡುವೆ ಗೋಡೆಯೇ ಇಲ್ಲ. ಈ ಶೈಕ್ಷಣಿಕ ವರ್ಷದಲ್ಲೇ ಪ್ರತಿ ಕ್ಲಸ್ಟರಿನಿಂದ (ಅಕ್ಕಪಕ್ಕದ ಶಾಲೆಗಳ ಗುಂಪಿನಿಂದ) ಅಂಥ ಒಂದೊಂದು ಶಾಲೆಯನ್ನು ಆರಿಸಿ ಪ್ರಯತ್ನಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ