ಮಂಗನ ಕಾಯಿಲೆಯ ಅನುಭವ ದಾಖಲಾಗಲಿ

ಮಾನ್ಯ ಸಂಪಾದಕರೇ,

1951ರಲ್ಲಿ ಸ್ಥಾಪನೆಯಾದ ಭಾರತೀಯ ನರವಿಜ್ಞಾನ ಸಂಘದ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯು ನಮ್ಮ ದೇಶದ ರೋಗಿಗಳಲ್ಲಿ ವೈದ್ಯರು ಕಂಡದ್ದನ್ನು ದಶಕಗಳಿಂದ ದಾಖಲಿಸುತ್ತ ಬಂದಿದೆ. ಇಂಥ ದಾಖಲೆಯ ಬೆಲೆ ಮಂಗನ ಕಾಯಿಲೆಯನ್ನು ಕಂಡಿರುವ ಸಿದ್ದಾಪುರ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆ ಕಚ್ಚುವುದರಿಂದ ಹರಡುವ ಈ ರೋಗದಲ್ಲಿ ಮೊದಲ ಜ್ವರ ಇಳಿದು ಒಂದೆರಡು ವಾರ ಕಳೆದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು, ತೀವ್ರ ತಲೆನೋವು, ನಡುಕ, ಕತ್ತಿನ ಬಿಗಿತ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳುತ್ತವೆ. ಗುಣವಾಯಿತೆಂದು ಮನೆಯವರು ನೆಮ್ಮದಿಗೊಂಡಿರುವಾಗಲೇ ಇದು ಎರಗುತ್ತದೆ. ಈ ಎರಡನೆಯ ಹಂತವನ್ನು ಮೊದಲು ಕಾಣುವವರು ನಮ್ಮ ತಾಲೂಕು ಆಸ್ಪತ್ರೆಗಳ ವೈದ್ಯರು. ಅವರ ಅನುಭವವು ಕೇಸ್‌ಶೀಟುಗಳಲ್ಲೇ ಉಳಿಯದೆ, ಕಾರವಾರದ ವೈದ್ಯಕೀಯ ಕಾಲೇಜಿನ ನೆರವಿನಿಂದ ಲೇಖನವಾಗಿ ಇಂಥ ಪತ್ರಿಕೆಯನ್ನು ತಲುಪುವಂತೆ ಆರೋಗ್ಯ ಇಲಾಖೆಯು ವ್ಯವಸ್ಥೆ ಮಾಡಬೇಕು.

— ಓರ್ವ ಓದುಗ, ಶಿರಸಿ