ಹೋದದ್ದನ್ನು ತಗೊಂಡು ಬರ್ತೀನಿ ಅಂದೆಯಲ್ಲ

ಕೋಲಾರ
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಕೈಸೇರಿತು. ಮನೆ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನೇ ಮತ್ತೆ ಬರೆಯುವುದಿಲ್ಲ.

ಹಡಗಿನ ವಿಷಯ ಓದುವಾಗ ಮೊದಲು ಖುಷಿಯೇ ಆಯಿತು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಬಂದೆಯಂತೆ. ನಮ್ಮ ಮನೆತನದಲ್ಲಿ ಸಮುದ್ರದ ಮೇಲೆ ಮಲಗಿ ಎದ್ದವನು ನೀನೇ ಮೊದಲು. ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಆಡಿದೆ, 3,000 ಡಾಲರ್ ಹೋಯಿತು ಅಂತ ಬರೆದದ್ದನ್ನೂ ಓದಿದೆ. ಎದೆ ಧಸಕ್ ಅಂದಿತು ನಿಜ. ಆದರೂ ದುಡಿಯುವ ಹುಡುಗ, ಒಂದು ಸಲ ಎಡವಿದ್ದಾನೆ, ಹೋಗಲಿ ಅಂದುಕೊಂಡು ಪುಟ ತಿರುಗಿಸಿದೆ. ಕೊನೆಯಲ್ಲಿ ಆ ಸಾಲು ಇತ್ತು. "ಡಿಸೆಂಬರ್‌ನಲ್ಲಿ ಮತ್ತೆ ಹೋಗ್ತಿದ್ದೀನಿ ದೊಡ್ಡಮ್ಮ, ಈ ಸಲ ರೂಮು ಅವರೇ ಫ್ರೀ ಕೊಟ್ಟಿದ್ದಾರೆ. ಹೋದದ್ದನ್ನು ತಗೊಂಡು ಬರ್ತೀನಿ."

ಅಲ್ಲಿಂದ ಮುಂದೆ ನನಗೆ ಓದಲು ಆಗಲಿಲ್ಲ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಹೋದ ದುಡ್ಡಿಗಿಂತ ಈ ಒಂದು ಮಾತು ನನ್ನನ್ನು ಜಾಸ್ತಿ ಹೆದರಿಸಿದೆ.

ಮೊದಲು ನಿನ್ನ ಆಟವೇನು ಅಂತ ತಿಳಿದುಕೊಳ್ಳೋಣ ಅನ್ನಿಸಿತು. ಟ್ರಂಕಿನಲ್ಲಿ ಯುಗಾದಿಗೆ ಆಡುತ್ತಿದ್ದ ಹಳೆಯ ಇಸ್ಪೀಟು ಕಟ್ಟು ಇತ್ತು, ತೆಗೆದೆ. ಎದುರು ಮನೆಯ ಇಂಜಿನಿಯರಿಂಗ್ ಓದುವ ಹುಡುಗಿ ನೆಟ್ಟಿನಲ್ಲಿ ನೋಡಿ ನಿಯಮಗಳನ್ನು ಬರೆದುಕೊಟ್ಟಳು. ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊಟದ ಮೇಜಿನ ಮೇಲೆ ನಾನೇ ಡೀಲರ್, ನಾನೇ ನೀನು. ಬಿಲ್ಲೆಗಳ ಬದಲು ಹುರುಳಿಕಾಳು.

ಎರಡು ರಾತ್ರಿ ಆಡಿದ ಮೇಲೆ ಗೊತ್ತಾಯಿತು, ಆಟದ ಗುಟ್ಟೆಲ್ಲ ಸರದಿಯಲ್ಲಿದೆ. ಎಲೆಗಳ ಮೊತ್ತ 21 ದಾಟದ ಹಾಗೆ ಅದರ ಹತ್ತಿರ ಹೋಗಬೇಕು, ಆದರೆ ನೀನು ಮೊದಲು ಎಲೆ ಕೇಳಬೇಕು. 21 ದಾಟಿದೆಯೋ, ನಿನ್ನ ಬಿಲ್ಲೆ ಅಲ್ಲಿಗೇ ಹೋಯಿತು. ಆಮೇಲೆ ಡೀಲರ್ ಕೂಡ 21 ದಾಟಿದರೂ ನಿನ್ನದು ನಿನಗೆ ವಾಪಸ್ಸು ಬರುವುದಿಲ್ಲ. ಇಬ್ಬರೂ ಬಿದ್ದರೆ ಸೋತವನು ನೀನೊಬ್ಬನೇ. ಇದನ್ನು ನೋಡಿದಾಗ ನನಗೆ ಬೋರು ಕೊರೆಯುವ ಲಾರಿ ನೆನಪಾಯಿತು ಕಣೋ. ನೀರು ಬರಲಿ, ಬರೀ ದೂಳು ಬರಲಿ, ಅಡಿ ಲೆಕ್ಕದ ದುಡ್ಡು ಅವನಿಗೆ ಸಲ್ಲಲೇಬೇಕು. ಆ ಲಾರಿಯ ವಿಷಯ ಆಮೇಲೆ ಬರೆಯುತ್ತೇನೆ. ಬರೆಯಲೇಬೇಕು.

ನಿನ್ನ ಹತ್ತಿರ 16, ಡೀಲರ್ ಮುಂದೆ 10 ಬಂದಾಗಲೆಲ್ಲ ಕೈ ನಡುಗುತ್ತಿತ್ತು ಅಂತ ಬರೆದಿದ್ದೀಯ. ನಡುಗಿದ್ದು ಸರಿಯೇ. ಎಕ್ಕದಿಂದ ರಾಜನವರೆಗೆ 13 ಬಗೆ ಎಲೆ. ಅದರಲ್ಲಿ ಎಕ್ಕದಿಂದ ಐದರವರೆಗಿನ 5 ಬಗೆ ಬಂದರೆ ಉಳಿಯುತ್ತೀಯ, ಮಿಕ್ಕ 8 ಬಗೆಯಲ್ಲಿ ಯಾವುದು ಬಂದರೂ ಮುಗಿಯಿತು. ಕೇಳದೆ ಸುಮ್ನೆ ಕೂತರೆ ಡೀಲರ್ 17 ಅಥವಾ ಅದರ ಮೇಲೆ ಹೋಗಿ ನಿಲ್ಲುವುದೇ ಜಾಸ್ತಿ. ಎಷ್ಟು ಬುದ್ಧಿವಂತನಾದರೂ ಅಲ್ಲಿ ಸೋಲೇ ಹೆಚ್ಚು. ನೀನು ದಡ್ಡ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಅದಕ್ಕೇ ಭಯ. ದಡ್ಡನಾಗಿದ್ದರೆ ಹೆದರಿ ಎದ್ದು ಬರುತ್ತಿದ್ದೆ. ನಿನಗೆ ಲೆಕ್ಕ ಬರುತ್ತೆ. ಲೆಕ್ಕ ಬರುವವರೇ "ತಗೊಂಡು ಬರ್ತೀನಿ" ಅನ್ನುತ್ತಾರೆ.

ಎಕ್ಕದ ಜೊತೆ ಹತ್ತರ ಎಲೆ, ಅಂದರೆ 10, ಗುಲಾಮ, ರಾಣಿ, ರಾಜ ಇವುಗಳಲ್ಲೊಂದು ಬಿದ್ದರೆ 10 ಡಾಲರಿಗೆ 12 ಕೊಟ್ಟರು ಅಂತ ಸಂತೋಷದಿಂದ ಬರೆದಿದ್ದೀಯ. ಹಳೆಯ ಪದ್ಧತಿಯಲ್ಲಿ 15 ಕೊಡಬೇಕಿತ್ತು ಪುಟ್ಟ. ಎರಡಕ್ಕೆ ಮೂರು ಅನ್ನುವುದನ್ನು ಐದಕ್ಕೆ ಆರು ಮಾಡಿದ್ದಾರೆ. ಆ ಜೋಡಿ ಸುಮಾರು 21 ಆಟಕ್ಕೆ ಒಂದು ಸಲ ಬೀಳುತ್ತೆ. ಸಲಕ್ಕೆ 3 ಡಾಲರ್ ಕಡಿಮೆ ಅಂದರೆ ನೀನು ಕಟ್ಟಿದ ಪ್ರತಿ ನೂರಕ್ಕೆ ಹತ್ತಿರ ಹತ್ತಿರ 1.4 ಡಾಲರ್ ಅಲ್ಲೇ ಸೋರಿಹೋಯಿತು. ಒಳ್ಳೆಯ ನಿಯಮವಿದ್ದು, ಒಂದೂ ತಪ್ಪಿಲ್ಲದೆ ಆಡಿದರೆ ಕ್ಯಾಸಿನೊಗೆ ಹೋಗುವುದು ನೂರಕ್ಕೆ ಅರ್ಧ ಡಾಲರಿನ ಆಸುಪಾಸು. ಈ ಒಂದು ಬದಲಾವಣೆಯಿಂದ ಅದು ಸುಮಾರು ನಾಲ್ಕು ಪಟ್ಟು ಆಯಿತು. ಸಣ್ಣ ಸೋರಿಕೆಯೇ. ಆದರೆ ಗಂಟೆಗೆ ಅರವತ್ತು ಎಪ್ಪತ್ತು ಆಟ ನಡೆಯುವ ಜಾಗದಲ್ಲಿ ರಾತ್ರಿಯೆಲ್ಲ ಸೋರುತ್ತೆ. ಡೀಲರ್ ಮುಂದೆ ಎಕ್ಕ ಬಿದ್ದಾಗ ಇನ್ಶೂರೆನ್ಸ್ ತಗೊಳ್ಳಿ ಅನ್ನುತ್ತಾರಲ್ಲ, ಅದೂ ಇಂಥದ್ದೇ. ಡೀಲರ್‌ನ ಮುಚ್ಚಿದ ಎಲೆ ಹತ್ತರದಾದರೆ ಕೊಡುವುದು ಒಂದಕ್ಕೆ ಎರಡು. ಹತ್ತರ ಎಲೆ ಇರುವುದು 13ಕ್ಕೆ 4. ಸರಿಸಮ ಆಗಬೇಕಾದರೆ ಮೂರಕ್ಕೆ ಒಂದಾದರೂ ಇರಬೇಕಿತ್ತು.

ಎಲೆ ಎಣಿಸುವುದನ್ನು ವಿಡಿಯೋ ನೋಡಿ ಕಲಿತಿದ್ದೀಯಂತೆ. ಅದು ಸುಳ್ಳಿನ ವಿದ್ಯೆ ಅಂತ ನಾನು ಹೇಳುವುದಿಲ್ಲ. ಅಮೆರಿಕದ ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು 1960ರ ದಶಕದ ಶುರುವಿನಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ಹೊರಗೆ ಬಿದ್ದ ಎಲೆ ಗೊತ್ತಿದ್ದರೆ ಒಳಗೆ ಉಳಿದಿರುವುದನ್ನು ಅಂದಾಜು ಮಾಡಬಹುದು. ಒಪ್ಪಿದೆ. ಆದರೆ ನಿನ್ನ ಪತ್ರದ ಎರಡನೇ ಪುಟ ನೀನೇ ಇನ್ನೊಮ್ಮೆ ಓದು. "ಪ್ರತಿ ಆಟ ಮುಗಿದ ತಕ್ಷಣ ಎಲೆಗಳನ್ನು ಮೆಷಿನ್ನಿಗೆ ಹಾಕ್ತಾರೆ, ಅದು ಕಲಸ್ತಾನೇ ಇರುತ್ತೆ" ಅಂತ ಬರೆದಿದ್ದೀಯ. ಹೊರಗೆ ಬಿದ್ದದ್ದು ಕೂಡಲೇ ಒಳಗೆ ಹೋದರೆ ಎಣಿಸುವುದು ಏನನ್ನು? ಥಾರ್ಪ್ ಬಂದು ಕೂತರೂ ಆ ಮೇಜಿನಲ್ಲಿ ಏನು ಎಣಿಸುತ್ತಾರೆ?

ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದ ಲೆಕ್ಕವನ್ನೂ ಹಾಕಿದೆ. 10, 20, 40, 80, 160. ಐದು ಸಲ ಸತತ ಸೋತರೆ 310 ಹೋಯಿತು. ಆರನೇದಕ್ಕೆ 320 ಕಟ್ಟಬೇಕು. ನಿನ್ನ ಮೇಜಿನ ಮಿತಿ 300. ನೀನು "ಬರುತ್ತೆ" ಅಂತ ಕಾಯುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿರುತ್ತೆ.

ಇಷ್ಟೆಲ್ಲ ಲೆಕ್ಕ ಬರೆದೆ. ನಿನಗೆ ಬೇಸರ ಬಂದಿರಬಹುದು. ಲೆಕ್ಕದಿಂದ ಮನಸ್ಸು ತಿರುಗುವುದಿಲ್ಲ ಅನ್ನುವುದು ನನಗೆ ಗೊತ್ತು. ಹೇಗೆ ಗೊತ್ತು ಅಂತ ಈಗ ಹೇಳುತ್ತೇನೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ನರಸಾಪುರದ ಹತ್ತಿರದ ಜಮೀನು ಹೋದ ಕಥೆ ನಿನಗೆ ಗೊತ್ತೇ ಇದೆ. ನಾಲ್ಕು ಬೋರು ಕೊರೆಸಿದ್ದೂ ಗೊತ್ತು. ನಿಮ್ಮ ದೊಡ್ಡಪ್ಪನ ಹಠದಿಂದ ಹೋಯಿತು ಅಂತಲೇ ನೀವೆಲ್ಲ ಕೇಳಿಕೊಂಡು ಬೆಳೆದದ್ದು. ಅದು ಸುಳ್ಳು.

2003ರ ಬೇಸಿಗೆ. ಮೂರನೇ ಬೋರು 850 ಅಡಿ ಹೋಗಿ ಬರೀ ಬೂದು ಬಣ್ಣದ ದೂಳು ಬಂದಿತ್ತು. ಅಂಗಳದ ತುಳಸಿಗಿಡದ ಮೇಲೆಲ್ಲ ಅದೇ ಕೂತಿತ್ತು. ಹಿಪ್ಪುನೇರಳೆ ಒಣಗಿ ಕಡ್ಡಿಯಾಗಿತ್ತು. ಹುಳು ಸಾಕುವುದು ನಿಂತು ವರ್ಷವಾಗಿತ್ತು. ಆ ರಾತ್ರಿ ಅವರು ಜಗುಲಿಯ ಮೇಲೆ ಕೂತು ನನಗೆ ಹೇಳಿದರು, "ಸಾಕು ಕಣೇ. ಇನ್ನು ಕೊರೆಸೋದು ಬೇಡ. ಅರ್ಧ ಎಕರೆ ಮಾರಿ ಸಾಲ ತೀರಿಸೋಣ, ಮಿಕ್ಕಿದ್ದರಲ್ಲಿ ರಾಗಿ ಹಾಕೋಣ." ಅವರು ಬಿಟ್ಟಿದ್ದರು ಪುಟ್ಟ. ಎದ್ದು ಬರಲು ತಯಾರಿದ್ದರು.

ನಾನು ಬಿಡಲಿಲ್ಲ. "ಮೂರು ಹೋಗಿದೆ ಅಂದ್ರೆ ನಾಲ್ಕನೇದು ಬಂದೇ ಬರುತ್ತೆ" ಅಂದೆ. ಒಳಗೆ ಹೋಗಿ, ಸೋಪು ಹಚ್ಚಿ, ನಮ್ಮಮ್ಮ ಹಾಕಿದ್ದ ನಾಲ್ಕು ಬಳೆ ತೆಗೆದು ಅವರ ಕೈಗಿಟ್ಟೆ. ಸಂಜೆಯಷ್ಟೇ ಹೈಸ್ಕೂಲಿನ ಮಕ್ಕಳಿಗೆ ನಾಣ್ಯ ಚಿಮ್ಮುವ ಲೆಕ್ಕ ಹೇಳಿಕೊಟ್ಟು ಬಂದಿದ್ದೆ. ಹಿಂದೆ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವಳು ನಾನೇ. ಭೂಮಿಗೂ ನೆನಪಿರಲಿಲ್ಲ. ನಾಣ್ಯಕ್ಕಿಂತ ಅದು ಕಡೆ, ನೀರಿನ ಮಟ್ಟ ಪ್ರತಿ ವರ್ಷ ಇನ್ನೂ ಕೆಳಗೆ ಹೋಗುತ್ತಿತ್ತು. ನೀರು ತೋರಿಸುವವರು ಬಂದರು, ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು. ನಾನು ಕಣ್ಣಿಗೊತ್ತಿಕೊಂಡೆ. 1,040 ಅಡಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಲಾರಿಯವರು ಕಂಬಿ ಮೇಲೆತ್ತಿದರು. ದೂಳು.

ಅರ್ಧ ಎಕರೆ ಮಾರಬೇಕಿದ್ದ ಕಡೆ ಎರಡೂವರೆ ಎಕರೆ ಹೋಯಿತು. ಊರಿನಲ್ಲಿ, ಮನೆಯಲ್ಲಿ, ಎಲ್ಲರೂ ಅವರ ಹಠ ಅಂದರು. ಅವರು ಒಂದು ದಿನವೂ "ನೀನೇ ಹೇಳಿದ್ದು" ಅನ್ನಲಿಲ್ಲ. ನಾನೂ ಯಾರ ಮಾತನ್ನೂ ತಿದ್ದಲಿಲ್ಲ. ಅವರು ಹೋಗುವವರೆಗೂ ತಿದ್ದಲಿಲ್ಲ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕಡೆಯ ಕೆರೆಗಳಿಗೆ ಬಂತಲ್ಲ, ಆಗ ಬಸ್ಸಿನಲ್ಲಿ ಒಬ್ಬಳೇ ಹೋಗಿ ನೋಡಿ ಬಂದೆ. ಏರಿಯ ಮೇಲೆ ನಿಂತರೆ ನಮ್ಮ ಜಮೀನು ಕಾಣುತ್ತಿತ್ತು. ಅಲ್ಲಿ ಯಾರೋ ಟೊಮೆಟೊ ಹಾಕಿದ್ದರು. ಹಸಿರಾಗಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಅದಕ್ಕೇ "ತಗೊಂಡು ಬರ್ತೀನಿ" ಅಂತ ನಿನ್ನ ಅಕ್ಷರದಲ್ಲಿ ಓದಿದಾಗ ನನ್ನ ಬಾಯಿಯ ಮಾತೇ ಕೇಳಿಸಿತು. ಇಪ್ಪತ್ತು ವರ್ಷದ ಮೇಲೆ, ಸಮುದ್ರ ದಾಟಿ, ನಿನ್ನ ಕೈಯಿಂದ ಬಂದ ಹಾಗೆ ಆಯಿತು.

ಆ ಫ್ರೀ ರೂಮಿನ ವಿಷಯ. ನೀನು ಅದನ್ನು ಅದೃಷ್ಟ ಅಂದುಕೊಂಡಿದ್ದೀಯ. ನೀನು ಆಡದೇ ಬಂದಿದ್ದರೆ ರೂಮು ಕೊಡುತ್ತಿದ್ದರಾ? ನಿನ್ನ ರೂಮಿನ ಕಾರ್ಡನ್ನೇ ಮೇಜಿನಲ್ಲೂ ಕೊಟ್ಟು ಆಡಿದೆ ಅಂತ ಬರೆದಿದ್ದೀಯ. ಎಷ್ಟು ಹೊತ್ತು ಕೂತೆ, ಎಷ್ಟೆಷ್ಟು ಕಟ್ಟಿದೆ, ಎಲ್ಲವೂ ಅವರ ಹತ್ತಿರ ದಾಖಲಾಗಿರುತ್ತೆ. ಅದನ್ನು ನೋಡಿಯೇ ಕರೆದಿದ್ದಾರೆ. ಹಡಗು ಬಂದರಿನಲ್ಲಿದ್ದಾಗ ಕ್ಯಾಸಿನೊ ಮುಚ್ಚಿರುತ್ತೆ ಅಂದೆಯಲ್ಲ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಆಯಾ ದೇಶದ ಕಾನೂನು ನಡೆಯುತ್ತೆ. ಅದು ದಾಟಿದ ಮೇಲೆ ತೆಗೆಯುತ್ತಾರೆ. ದಡ ಕಾಣದ ಜಾಗದಲ್ಲಿ, ಎದ್ದು ಮನೆಗೆ ಹೋಗುತ್ತೇನೆ ಅಂದರೂ ಹೋಗಲಾಗದ ಜಾಗದಲ್ಲಿ ನೀನು ಒಬ್ಬನೇ ಕೂತಿರುವುದು ಕಣ್ಣ ಮುಂದೆ ಬರುತ್ತೆ. ನಮ್ಮ ಜಗುಲಿಯ ಮೇಲಾದರೂ "ಸಾಕು" ಅನ್ನುವವರು ಒಬ್ಬರಿದ್ದರು.

ಏನು ಮಾಡು ಅಂತ ಹೇಳಲಿ? ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಹೋಗಲೇಬೇಡ ಅನ್ನುವ ಆಸೆ. ಸ್ನೇಹಿತರಿಗೆ ಮಾತು ಕೊಟ್ಟಿದ್ದರೆ, ಕ್ಯಾಸಿನೊಗೆ ನನ್ನ ಕಾರ್ಡು ನಡೆಯದ ಹಾಗೆ ಮಾಡಿ ಅಂತ ಹಡಗಿನವರನ್ನು ಮೊದಲೇ ಕೇಳಿ ನೋಡು. ಕೇಳಲು ನಾಚಿಕೆ ಆಗುತ್ತೆ, ಗೊತ್ತು. ನೀನಿರುವ ಸಿಂಗಪುರದಲ್ಲೇ ದಡದ ಮೇಲಿನ ಕ್ಯಾಸಿನೊ ಒಳಗೆ ಹೋಗಲು ಅಲ್ಲಿನವರಿಗೆ ದಿನಕ್ಕೆ 150 ಡಾಲರ್ ಸುಂಕ ಇಟ್ಟಿದ್ದಾರಂತೆ, 2019ರಿಂದ. ತಮ್ಮ ಜನರ ಬಗ್ಗೆ ಆ ಸರ್ಕಾರಕ್ಕೇ ಅಷ್ಟು ಭಯವಿದೆ. ನನಗೆ ಇರಬಾರದಾ?

ರಾತ್ರಿ ಅದೇ ಯೋಚನೆ ಬರುತ್ತಾ ಪುಟ್ಟ? ಆಫೀಸಿನಲ್ಲಿ ಕೂತಾಗ ಎಲೆಗಳು ಕಣ್ಣ ಮುಂದೆ ಬರುತ್ತಾ? ಬರುತ್ತಿದ್ದರೆ ಮುಚ್ಚಿಡಬೇಡ. ಊರಿಗೆ ಬಂದಾಗ ನಿಮ್ಹಾನ್ಸ್‌ಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ. ಇಲ್ಲಿಗೆ ಬಂದ ಮೇಲೆ ಫೋನಿನಲ್ಲೇ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಬರೆದದ್ದಕ್ಕೆ ಕೋಪ ಮಾಡಿಕೊಳ್ಳಬೇಡ.

ಸಾಲ ಮಾಡಿದ್ದೀಯಾ ಅಂತ ಕೇಳಬೇಕು ಅಂತ ಶುರುವಿನಿಂದ ಅಂದುಕೊಳ್ಳುತ್ತಿದ್ದೇನೆ. ಕ್ರೆಡಿಟ್ ಕಾರ್ಡಿನಲ್ಲಿ ತೆಗೆದಿದ್ದರೆ ಬಡ್ಡಿ ಬೆಳೆಯುತ್ತೆ, ಮೊದಲು ಅದನ್ನು ತೀರಿಸು. ನನ್ನ ಪಿಂಚಣಿಯಲ್ಲಿ ಉಳಿಸಿದ್ದು ಸ್ವಲ್ಪ ಬ್ಯಾಂಕಿನಲ್ಲಿದೆ. ಸಾಲಕ್ಕಾದರೆ ಕೇಳು, ಕೊಡುತ್ತೇನೆ. ಇಷ್ಟು ಬರೆದು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ಒಮ್ಮೆ ಬಳೆ ತೆಗೆದುಕೊಟ್ಟವಳು ನಾನು. ಮತ್ತೆ ಕೊಡುತ್ತೇನೆ ಅನ್ನುವಾಗ ಕೈ ಹಿಂದೆ ಬರುತ್ತೆ. ಕೊಡದೆ ಇರಲೂ ಆಗುವುದಿಲ್ಲ. ನಿನಗೆ ಸಾಲ ಕೊಟ್ಟವರ ಖಾತೆ ನಂಬರ್ ಕಳಿಸು, ನಾನು ನೇರ ಅಲ್ಲಿಗೇ ಕಟ್ಟುತ್ತೇನೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಆ ಮಾತಿನ ಮೇಲೆ ಇಲ್ಲ.

ನಿಮ್ಮಮ್ಮನಿಗೆ ನಿನ್ನ ಪತ್ರ ತೋರಿಸಿಲ್ಲ. ಹೇಳುವುದಾದರೆ ನೀನೇ ಹೇಳು. ನನ್ನ ಬಳೆಯ ವಿಷಯ ನಾನೇ ಅವಳಿಗೆ ಹೇಳುತ್ತೇನೆ, ಈ ವಾರವೇ.

ಡಿಸೆಂಬರ್‌ಗೆ ರಜೆ ಹಾಕಿದ್ದೀಯಲ್ಲ, ಆ ರಜೆಗೆ ಇಲ್ಲಿಗೆ ಬಾ. ಅವರೆಕಾಯಿ ಚೆನ್ನಾಗಿ ಬಂದಿರುತ್ತೆ. ಹಿತಕಿದ ಬೇಳೆ ಸಾರು ಮಾಡುತ್ತೇನೆ, ರಾಗಿ ಮುದ್ದೆ ಜೊತೆ. ಬೆಳಿಗ್ಗೆ ಎದ್ದು ಅಂತರಗಂಗೆ ಬೆಟ್ಟ ಹತ್ತೋಣ. ನನ್ನ ಮಂಡಿಗೆ ಈಗ ಮೆಟ್ಟಿಲು ಕಷ್ಟ, ನಿಧಾನವಾಗಿ ಹತ್ತುತ್ತೇನೆ, ನೀನು ಕಾಯಬೇಕು. ಜಮೀನಿನ ಹತ್ತಿರವೂ ಹೋಗಿ ಬರೋಣ. ನಾಲ್ಕನೇ ಬೋರಿನ ಕೇಸಿಂಗ್ ಪೈಪು ಇನ್ನೂ ಬದುವಿನ ಪಕ್ಕದಲ್ಲೇ ಇದೆ, ಮೇಲೆ ಒಂದು ಚಪ್ಪಡಿ ಮುಚ್ಚಿದ್ದಾರೆ. ನಿನಗೆ ತೋರಿಸಬೇಕು.

ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ. ಹಡಗಿನ ರೂಮು ಬೇಡ ಅಂತ ಹೇಳಿದೆಯೋ ಇಲ್ಲವೋ, ಅದೊಂದು ಬರೆ.

ನಿನ್ನ
ದೊಡ್ಡಮ್ಮ